ವಶೀಲಿ ಮೇಡಂ

ನನ್ನ ಕೆಲಸ ಏನು ಅಂತ ನಮ್ಮವ್ವನಿಗೆ ಇವತ್ತಿಗೂ ಅರ್ಥ ಆಗಿಲ್ಲ. ಶ್ರೀರಾಂಪುರದ ಮನೆಗೆ ಯಾರಾದರೂ ಬಂದು "ಮಗಳು ದುರ್ಗದಲ್ಲಿ ಏನ್ ಮಾಡ್ತಾಳೆ?" ಅಂತ ಕೇಳಿದರೆ, "ಕಾಲೇಜಲ್ಲಿ ಹುಡುಗ್ರ ಜೊತೆ ಮಾತಾಡ್ತಾಳೆ" ಅಂತಾಳೆ. "ಪಾಠ ಮಾಡ್ತಾಳಾ?" "ಇಲ್ಲ, ಬರೀ ಮಾತಾಡ್ತಾಳೆ. ಅದಕ್ಕೇ ಸಂಬಳ ಕೊಡ್ತಾರಂತೆ." ಹಂಗಾದ್ರೆ ನಮ್ಮ ಹುಡುಗಿಗೂ ಅಂಥದ್ದೊಂದು ಕೆಲಸ ನೋಡವ್ವ ಅಂತ ನನ್ನನ್ನೇ ಕೇಳಿದವರೂ ಇದ್ದಾರೆ. ಅವಳಿಗೆ ಮಾತಾಡೋದು ಬಹಳ ಚೆನ್ನಾಗಿ ಬರ್ತದಂತೆ.

ನಾನು ಮಾತಾಡೋದು ಕಡಿಮೆ, ಕೇಳೋದು ಜಾಸ್ತಿ. ಓದೋ ಹುಡುಗರಿಗೆ ನಿದ್ದೆ ಬರದೆ ಹೋದರೆ, ಮನೆ ಚಿಂತೆ ತಲೆಗೆ ಹತ್ತಿದರೆ, ಪರೀಕ್ಷೆ ಅಂದರೆ ಕೈಕಾಲು ಬಿದ್ದುಹೋದರೆ ಬಂದು ಹೇಳ್ಕೊಳ್ಳೋಕೆ ಕಾಲೇಜಿನಲ್ಲಿ ಒಬ್ಬರು ಇರಬೇಕು ಅಂತ ನಿಯಮ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಆ ಒಬ್ಬರು ನಾನು. ಕಾಲೇಜಿನ ಹೆಸರು ಬೇಡ, ಹಾಕಿದರೆ ನಾಳೆ ಬೆಳಗ್ಗೆನೇ ಫೋನ್ ಬರ್ತದೆ. ನಮ್ಮಲ್ಲಿ ಇಂಥ ವ್ಯವಸ್ಥೆಗೇನು ಬರ ಇಲ್ಲ. ಕುಂದುಕೊರತೆ ಕೋಶ, ಮಹಿಳಾ ಕೋಶ, ಉದ್ಯೋಗ ಕೋಶ, ಎಲ್ಲಾ ಅವೆ. ಎಲ್ಲಾ ಕೋಶಕ್ಕೂ ಒಂದೇ ಬೀರು, ಅದರ ಬೀಗದ ಕೈ ಯಾರ ಹತ್ತಿರ ಐತೆ ಅಂತ ಮಾತ್ರ ಗೊತ್ತಿಲ್ಲ. ನನಗೆ ಒಂದು ರೂಮು ಕೊಟ್ಟಿದ್ದರು, ಪ್ರಿನ್ಸಿಪಾಲರ ಚೇಂಬರಿನ ಪಕ್ಕದಲ್ಲೇ. ಬಾಗಿಲ ಮೇಲೆ ಒಂದು ಗೇಣುದ್ದದ ಹಲಗೆ: ಆಪ್ತ ಸಮಾಲೋಚಕರು.

ಅಲ್ಲೇ ಆಗಿದ್ದು ಎಡವಟ್ಟು. ನಮ್ಮ ಕಡೆ ಆಪ್ತ ಅಂದರೆ ಏನು? ಎಮ್ಮೆಲ್ಲೆ ಆಪ್ತ, ಸಾಹೇಬರ ಆಪ್ತ ಸಹಾಯಕ. ಯಾರನ್ನ ಹಿಡಿದರೆ ಕೆಲಸ ಆಗ್ತದೋ ಅವನು ಆಪ್ತ. ಮುಂದಿನ ಪದ ಏನಿದ್ದರೂ ಯಾರೂ ಓದೋಕೆ ಹೋಗಲ್ಲ. ಸಾಲದ್ದಕ್ಕೆ ಪ್ರಿನ್ಸಿಪಾಲರ ರೂಮಿಗೆ ಅಂಟಿಕೊಂಡೇ ನನ್ನ ರೂಮು. ಕೆಲಸಕ್ಕೆ ಸೇರಿದ ವಾರದಲ್ಲೇ ಹೊಳಲ್ಕೆರೆ ಕಡೆ ಹುಡುಗ ಒಬ್ಬ ಬಂದು ಕೈ ಕಟ್ಟಿಕೊಂಡು ನಿಂತ.

"ಮೇಡಂ, ಅಟೆಂಡೆನ್ಸ್ ಶಾರ್ಟೇಜ್ ಆಗೈತೆ. ಸಾಹೇಬ್ರಿಗೆ ಒಂದ್ ಮಾತು ಹೇಳ್ರಿ."

"ಲೇ, ನಾನೇನ್ ನಿಮ್ ಸಾಹೇಬ್ರ ಪಿ.ಎ. ಏನೋ?"

"ಬೋರ್ಡಲ್ಲಿ ಹಂಗೇ ಐತಲ್ರಿ ಮೇಡಂ."

ನನಗೆ ಸಿಟ್ಟು ಮೂಗಿನ ತುದೀಲೇ ಇರೋದು. ಎರಡು ವರ್ಷ ಕಷ್ಟಪಟ್ಟು ಮನಶ್ಶಾಸ್ತ್ರ ಓದಿ ಬಂದವಳನ್ನ ಇವನು ವಶೀಲಿಗೆ ಕರೀತಾನಲ್ಲ ಅಂತ ಚೆನ್ನಾಗಿ ಬೈದು ಕಳಿಸಿದೆ. ಬೈಸಿಕೊಂಡವನು ಹೊರಗೆ ಹೋಗಿ ಏನು ಹೇಳಿದನೋ, ಮಾರನೇ ದಿನದಿಂದ ನಾನು ಇಡೀ ಕಾಲೇಜಿಗೆ ವಶೀಲಿ ಮೇಡಂ ಆದೆ. ಜೋರಾಗಿ ಬೈತಾರೆ ಅಂದರೆ ಕೆಲಸ ಮಾಡಿಕೊಡ್ತಾರೆ ಅಂತಲೇ ನಮ್ಮ ಜನರ ಲೆಕ್ಕ. ಸಾಲುಗಟ್ಟಿ ಬರೋಕೆ ಶುರು ಮಾಡಿದರು.

ಸ್ವಲ್ಪ ದಿನ ಹೋದ ಮೇಲೆ ನನಗೊಂದು ವಿಷಯ ಹೊಳೀತು. ಅಟೆಂಡೆನ್ಸ್ ಕಡಿಮೆ ಆಗೋದು ಯಾರಿಗೆ? ಸಿನಿಮಾಕ್ಕೆ ಹೋದವರು ನಾಲ್ಕು ಜನ ಇರಬಹುದು. ಉಳಿದವರೆಲ್ಲ ಕಷ್ಟದಲ್ಲಿ ಇರೋರೇ. ಅಪ್ಪ ಕುಡಿದು ಬಂದು ಗಲಾಟೆ ಮಾಡೋದಕ್ಕೆ ಅವ್ವನ್ನ ಒಬ್ಬಳೇ ಬಿಟ್ಟು ಬರೋಕಾಗದ ಹುಡುಗಿ, ಇಂಗ್ಲಿಷಲ್ಲಿ ಪಾಠ ಮಾಡಿದರೆ ಒಂದಕ್ಷರ ಹತ್ತದೆ ಹಿಂದಿನ ಬಾಗಿಲಿಂದ ಎದ್ದು ಹೋಗೋ ಹುಡುಗ. ನಾನು ಯಾರಿಗಾಗಿ ಬಾಗಿಲು ತೆಗೆದು ಕೂತಿದ್ದೆನೋ ಅವರೇ ಬಂದು ಎದುರಿಗೆ ನಿಂತಿದ್ದರು, ನಾನು ಬೈದು ಕಳಿಸ್ತಿದ್ದೆ.

ಆಮೇಲೆ ಬೈಯೋದು ಬಿಟ್ಟೆ. ಬಂದವರಿಗೆ, "ಕುಂತ್ಕ, ಸಾಹೇಬ್ರಿಗೆ ಹೇಳಾಣ. ಆದ್ರೆ ಅವ್ರು ಯಾಕೆ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ಸರಿಯಾಗಿ ಹೇಳು" ಅನ್ನೋಳು. ಅಷ್ಟೇ ಸಾಕು. ಸಾಹೇಬರಿಗೆ ಹೇಳೋ ಕಾರಣ ಅಂತ ಶುರುವಾದದ್ದು ಎಲ್ಲೆಲ್ಲಿಗೋ ಹೋಗಿ ಕಣ್ಣೀರಲ್ಲಿ ನಿಲ್ಲೋದು. ಮೂಗು ಒರೆಸಿಕೊಂಡು ಹೊರಗೆ ಹೋದಾಗ ಗೆಳೆಯರು "ಏನಾಯ್ತಲೇ?" ಅಂದರೆ, "ವಶೀಲಿ ಹಚ್ಚಿ ಬಂದೆ" ಅಂತಿದ್ದರು. ವಶೀಲಿ ಹಚ್ಚೋದರಲ್ಲಿ ನಾಚಿಕೆ ಏನೈತೆ? ಎಲ್ಲರೂ ಹಚ್ಚೋದೇ. ಆ ಗೇಣುದ್ದದ ಹಲಗೆ ಮಾಡ್ತಿದ್ದ ಉಪಕಾರ ನನ್ನ ಎರಡು ವರ್ಷದ ಓದೂ ಮಾಡ್ತಿರಲಿಲ್ಲ.

ಆ ಹುಡುಗೀನೂ ಹಂಗೇ ಬಂದಳು. ರಾಮಗಿರಿ ದಾಟಿ ಒಳಗೆ ಒಂದು ಹಳ್ಳಿ, ಬಿ.ಎಸ್ಸಿ. ಕೊನೇ ವರ್ಷ. ದುಪಟ್ಟದ ತುದಿಯನ್ನ ಬೆರಳಿಗೆ ಸುತ್ತೋದು ಬಿಚ್ಚೋದು ಮಾಡ್ತಾ, "ಮೇಡಂ, ಶಾರ್ಟೇಜ್ ಐತೆ, ಸಾಹೇಬ್ರಿಗೆ ಹೇಳ್ರಿ" ಅಂದಳು.

"ಎಲ್ಲಿಗೆ ಹೋಗ್ತಿದ್ದೆ ಕ್ಲಾಸ್ ಬಿಟ್ಟು?"

"ಎಲ್ಲಿಗೂ ಇಲ್ರಿ. ಬಸ್ ಸ್ಟ್ಯಾಂಡಲ್ಲಿ ಕುಂತಿರ್ತೀನಿ."

ತಮಾಷೆ ಮಾಡ್ತಾಳೆ ಅಂದುಕೊಂಡೆ. ತಮಾಷೆ ಅಲ್ಲ. ದಿನಾ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಊರಿಂದ ಬಸ್ಸು ಹತ್ತಿ ದುರ್ಗದಲ್ಲಿ ಇಳೀತಾಳೆ. ಹೆಂಗಸರು ಕೂರೋ ಕಡೆ ಒಂದು ಕಲ್ಲು ಬೆಂಚಿನ ಮೇಲೆ ಕೂತು ಸಾಯಂಕಾಲದ ಬಸ್ಸಿಗೆ ವಾಪಸ್ ಹೋಗ್ತಾಳೆ. ಬುತ್ತಿಯನ್ನೂ ಅಲ್ಲೇ ಉಣ್ತಾಳೆ. ಮನೇಲಿ ಅವ್ವ, ಗೂಡ್ಸ್ ಆಟೋ ಓಡಿಸೋ ಅಣ್ಣ, ಇಬ್ಬರೂ ಇವಳು ಕಾಲೇಜಲ್ಲಿ ಇದಾಳೆ ಅಂತಲೇ ತಿಳಿದಿದ್ದಾರೆ.

"ಕ್ಲಾಸ್ ಬಾಗ್ಲು ಹತ್ರ ಹೋದ್ರೆ ಎದೆ ಹೊಡ್ಕಣಾಕ್ ಶುರುವಾಗುತ್ತೆ ಮೇಡಂ. ಕೈಯೆಲ್ಲ ಬೆವರ್ತವೆ. ಉಸಿರು ನಿಂತೇ ಹೋಯ್ತು ಅನ್ಸುತ್ತೆ. ನಮ್ಮೂರ ಡಾಕ್ಟ್ರು ಗ್ಯಾಸು ಅಂದ್ರು."

ನಮ್ಮ ಕಡೆ ಎದೆಯೊಳಗೆ ಏನಾದರೂ ಅದಕ್ಕೆ ಗ್ಯಾಸು ಅಂತಲೇ ಹೆಸರು. ಗ್ಯಾಸಿನ ಮಾತ್ರೆ ನುಂಗಿ ನುಂಗಿ ಅವಳಿಗೆ ಊಟವೂ ಸೇರ್ತಿರಲಿಲ್ಲ. ಅವಳಿಗೆ ಭಯ ಇದ್ದದ್ದು ಆ ಎದೆಬಡಿತದ್ದಲ್ಲ. ಅವಳ ಚಿಕ್ಕಮ್ಮ ಒಬ್ಬರು ಹಿಂದೆ ಊರಲ್ಲಿ ಒಬ್ಬರೇ ಮಾತಾಡಿಕೊಂಡು ತಿರುಗ್ತಿದ್ದರಂತೆ. ಇವಳ ಮನೆಗೇ ತಲೆ ಕೆಟ್ಟೋರ ಮನೆ ಅಂತ ಊರವರು ಹೆಸರಿಟ್ಟುಬಿಟ್ಟಿದ್ದರು. "ನಂಗೂ ಹಂಗೇ ಅಂತಾರೆ ಮೇಡಂ. ಯಾರಿಗೂ ಹೇಳ್ಬ್ಯಾಡ್ರಿ" ಅಂತ ಕೈ ಹಿಡಿದುಕೊಂಡಳು. ಡಿಗ್ರಿ ಮುಗಿಸಬೇಕು, ಬಿ.ಎಡ್. ಮಾಡಬೇಕು, ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್ ಆಗಬೇಕು. ಅದೊಂದೇ ಆಸೆ ಅವಳಿಗೆ. ಅಟೆಂಡೆನ್ಸ್ ಇಲ್ಲದೆ ಪರೀಕ್ಷೆಗೆ ಕೂರಿಸಲ್ಲ, ಪರೀಕ್ಷೆ ಇಲ್ಲದೆ ಡಿಗ್ರಿ ಇಲ್ಲ.

ಕ್ಲಾಸಿಗೆ ಹೋಗು ಅಂತ ನಾನು ಹೇಳಲೇ ಇಲ್ಲ. ಮೊದಲು ಇಬ್ಬರೂ ಕೂಡಿ ಮೆಟ್ಟಿಲ ತನಕ ಹೋದೆವು, ನಿಂತೆವು, ವಾಪಸ್ ಬಂದೆವು. ಇನ್ನೊಂದು ದಿನ ವರಾಂಡದ ತನಕ. ಕ್ಲಾಸು ಖಾಲಿ ಇದ್ದಾಗ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದೆವು. ಎದೆ ಹೊಡ್ಕೊಂಡರೆ ಹೊಡ್ಕೊಳ್ಳಲಿ, ಓಡಿಹೋಗಬೇಡ, ಉಸಿರನ್ನ ನಿಧಾನಕ್ಕೆ ಬಿಡು, ಅದು ತಾನಾಗಿ ಇಳೀತದೆ ಅಂತ ಹೇಳಿಕೊಟ್ಟೆ. ಮನೋವೈದ್ಯರ ಹತ್ತಿರ ಹೋಗಾಣ, ನಾನೂ ಬರ್ತೀನಿ ಅಂದರೆ, "ಪರೀಕ್ಷೆ ಮುಗೀಲಿ ಮೇಡಂ" ಅಂದಳು. ಅವಳ ಮೇಷ್ಟರೊಬ್ಬರಿಗೆ ಹೇಳಿ, ಬಾಗಿಲ ಪಕ್ಕದ ಬೆಂಚಲ್ಲಿ ಅವಳನ್ನ ಕೂರಿಸಿ, ಎದ್ದು ಹೋದರೆ ಯಾಕೆ ಅಂತ ಕೇಳಬೇಡಿ ಅಂದೆ. ಪ್ರಿನ್ಸಿಪಾಲರ ಹತ್ತಿರವೂ ಹೋದೆ. ಇನ್ನು ಮುಂದೆ ತಪ್ಪದೆ ಬಂದರೆ ಹಾಲ್ ಟಿಕೆಟ್ ಕೊಡೋಣ ಬಿಡಿ ಅಂತ ಅವರು ಒಪ್ಪಿದರು. ನೋಡ್ರಿ, ವಶೀಲಿ ಮೇಡಂ ಕೊನೆಗೂ ಒಂದು ವಶೀಲಿ ಮಾಡಿದಳು. ಆ ಹುಡುಗಿ ಬಾಗಿಲ ಪಕ್ಕದ ಬೆಂಚಲ್ಲಿ ಕೂತಳು, ಎದ್ದು ಹೋದಳು, ಮತ್ತೆ ಬಂದು ಕೂತಳು.

ಅಷ್ಟರಲ್ಲಿ ಕಾಲೇಜು ನೋಡೋಕೆ ಒಂದು ಸಮಿತಿ ಬಂತು. ಸಮಿತಿಯವರೊಬ್ಬರು ವರಾಂಡದಲ್ಲಿ ಒಬ್ಬ ಹುಡುಗನ್ನ ನಿಲ್ಲಿಸಿ, ಇಲ್ಲಿ ಮಾನಸಿಕ ಆರೋಗ್ಯಕ್ಕೆ ಏನು ವ್ಯವಸ್ಥೆ ಐತಪ್ಪ ಅಂತ ಕೇಳಿದರಂತೆ.

"ಅಂಥದ್ದೇನೂ ಇಲ್ರಿ ಸರ್."

"ಮತ್ತೆ ಈ ರೂಮು?"

"ಅದು ಸಾಹೇಬ್ರ ಆಪ್ತರದ್ದು ಸರ್. ವಶೀಲಿ ಮೇಡಂ. ಭಾಳ ಒಳ್ಳೇರು."

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು ಅಂತ ಆಮೇಲೆ ಗೊತ್ತಾಯಿತು. ಸಮಿತಿ ಹೋದ ಹಿಂದೆಯೇ ಬೋರ್ಡಿನವನು ಬಂದ. ಗೋಡೆಯ ಆ ತುದಿಯಿಂದ ಈ ತುದಿಗೆ ನೀಲಿ ಬೋರ್ಡು, ಅದರಲ್ಲಿ ಮೊಳದುದ್ದದ ಬಿಳೀ ಅಕ್ಷರ: ಮಾನಸಿಕ ಆರೋಗ್ಯ ಕೇಂದ್ರ. ಗೇಟಿನಲ್ಲಿ ನಿಂತರೂ ಕಾಣಬೇಕು ಅಂತ ಹಂಗೆ ಬರೆಸಿದ್ದರು.

"ಸರ್, ಬೇಡ್ರಿ. ಹಳೇದೇ ಇರ್ಲಿ" ಅಂದೆ.

"ಇದ್ರಲ್ಲಿ ನಾಚ್ಕೆ ಪಡೋದೇನೈತೆ ಮೇಡಂ? ಆ ನಾಚ್ಕೆ ಹೋಗ್ಲಿ ಅಂತಾನೇ ಬೋರ್ಡು" ಅಂದರು.

ಅವರ ಮಾತು ತಪ್ಪು ಅಂತ ಹೇಳೋಕೆ ನನ್ನಿಂದ ಆಗಲಿಲ್ಲ. ನಾನೇ ಎಷ್ಟು ಸಭೆಯಲ್ಲಿ ಅದನ್ನೇ ಭಾಷಣ ಮಾಡಿದ್ದೆ. ಸರ್, ನಾಚಿಕೆ ಹೋಗೋದು ನಿಧಾನ, ಅಲ್ಲೀ ತನಕ ಹುಡುಗರು ಏನು ಮಾಡಬೇಕು ಅಂತ ಕೇಳಿದೆ. ಅವರಿಗೆ ಯಾವುದೋ ಫೋನ್ ಬಂತು.

ಬೋರ್ಡಿಗೆ ಉದ್ಘಾಟನೆ ಬೇರೆ. ಟೇಪು ಕತ್ತರಿಸೋಕೆ ಕತ್ತರಿ ತಟ್ಟೆ ಹಿಡಿಯೋಳು ಒಬ್ಬಳು ಬೇಕಾಗಿತ್ತು. ಅದೇ ಹೊತ್ತಿಗೆ ಆ ಹುಡುಗಿ ಓಡಿ ಬಂದಳು. ಅವತ್ತು ಮೊದಲ ಸಲ ಒಂದು ಇಡೀ ಕ್ಲಾಸು ಎದ್ದು ಹೋಗದೆ ಕೂತಿದ್ದಳು. ಅದನ್ನ ನನಗೆ ಹೇಳೋಕೇ ಬಂದಿದ್ದಳು. ಯಾರೋ ಲೆಕ್ಚರರು, "ಏ, ಬಾರಮ್ಮ ಇಲ್ಲಿ, ಈ ತಟ್ಟೆ ಹಿಡ್ಕ" ಅಂದರು. ಹಿಡಿದಳು. ಬೋರ್ಡಿನ ಕೆಳಗೆ ನಿಂತು ನನ್ನ ಕಡೆ ನೋಡಿ ಬಾಯಿ ತುಂಬ ನಕ್ಕಳು. ಅದೇ ಹೊತ್ತಿಗೆ ಫೋಟೋ ಹೊಡೆದರು.

ಸಾಯಂಕಾಲದೊಳಗೆ ಆ ಫೋಟೋ ಕಾಲೇಜಿನ ವಾಟ್ಸಾಪ್ ಗುಂಪಿಂದ ಹೊಳಲ್ಕೆರೆ, ಅಲ್ಲಿಂದ ರಾಮಗಿರಿ, ಅಲ್ಲಿಂದ ಅವಳ ಊರು ಸೇರಿತ್ತು. ಮೇಲೆ ಮಾನಸಿಕ ಆರೋಗ್ಯ ಕೇಂದ್ರ, ಕೆಳಗೆ ತಲೆ ಕೆಟ್ಟೋರ ಮನೆ ಹುಡುಗಿ ನಗ್ತಾ ನಿಂತಿದ್ದಾಳೆ. ಬೇರೆ ಹೇಳೋದೇ ಬೇಡ.

ಮೂರ್ನಾಲ್ಕು ದಿನ ಅವಳು ಬರಲಿಲ್ಲ. ಅವಳ ಅಣ್ಣ ಬಂದ. ಜಗಳಕ್ಕೆ ಬಂದಿದ್ದಾನೆ ಅಂತ ನಾನೂ ಸೆರಗು ಸಿಗಿಸಿಕೊಂಡು ಕೂತೆ. ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಕುಂತ್ಕಳ್ರಿ ಅಂದರೂ ಕೂರಲಿಲ್ಲ.

"ಮೇಡಂ, ನನ್ ತಂಗಿಗೆ ತಲೆ ಕೆಟ್ಟೈತಾ?"

"ಇಲ್ಲಪ್ಪ. ಅವಳಿಗೆ ಗಾಬರಿ ಜಾಸ್ತಿ, ವಾಸಿ ಆಗೋ ಅಂಥದ್ದೇ. ಆಗ್ತಾನೂ ಐತೆ."

"ನಂಗ್ ನಿಮ್ ಮಾತ್ ಮೇಲೆ ನಂಬ್ಕೆ ಐತ್ರಿ. ಆದ್ರೆ ನಿಮ್ ಬೋರ್ಡು ಅಷ್ಟ್ ದೊಡ್ಡದೈತೆ. ನಿಮ್ ಮಾತು ಊರಿಗೆಲ್ಲ ಯಾರ್ ಹೇಳ್ತಾರೆ? ನಾನು ಮನೆಮನೆಗೆ ಹೋಗಿ ಹೇಳ್ಲಾ?"

ಪರೀಕ್ಷೆಗಾದರೂ ಕಳಿಸಪ್ಪ, ಇನ್ನೇನು ಹತ್ತಿರ ಬಂತು ಅಂತ ಬೇಡಿಕೊಂಡೆ. ಆಯ್ತು ನೋಡಾಣ ಅಂತ ಹೋದವನು ಕಳಿಸಲಿಲ್ಲ. ಮಾತು ಇನ್ನೂ ದೂರ ಹೋಗೋದರೊಳಗೆ ಅಂತ ಹಿರಿಯೂರು ಕಡೆ ಗಂಡು ನೋಡಿ ಮದುವೆ ಮಾಡಿಬಿಟ್ಟರು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಆ ನೀಲಿ ಬಣ್ಣದ ಮೇಲೆ, ಆ ಸಮಿತಿ ಮೇಲೆ. ಬಾಗಿಲ ಪಕ್ಕದ ಬೆಂಚನ್ನ ನೋಡಿದಾಗೆಲ್ಲ ಅಳು ಬರ್ತಿತ್ತು.

ನನ್ನ ರೂಮು ಖಾಲಿ ಬಿತ್ತು. ಹುಡುಗರು ಆ ವರಾಂಡ ಬಿಟ್ಟು ಸೈಕಲ್ ಸ್ಟ್ಯಾಂಡಿನ ಕಡೆಯಿಂದ ಸುತ್ತಿ ಹೋಗೋದು ಕಲಿತರು. ವಶೀಲಿ ಮೇಡಂ ಅನ್ನೋ ಹೆಸರೂ ಹೋಯಿತು. ಹೊಸದಾಗಿ ಬಂದ ಹುಡುಗರ ಬಾಯಲ್ಲಿ ನಾನೀಗ ಮೆಂಟಲ್ ಮೇಡಂ.

ಹೋದ ಶ್ರಾವಣದಲ್ಲಿ ಅವ್ವನ್ನ ನೋಡೋಕೆ ಶ್ರೀರಾಂಪುರಕ್ಕೆ ಹೊರಟು ಹೊಸದುರ್ಗದ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದ ಬಸ್ಸಿನ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದ್ತಿದ್ದರು. ಹೊ... ಳ... ಲ್ಕೆ... ರೆ. ಅಕ್ಷರಕ್ಕೊಂದು ಸಲ ಕತ್ತು ಚಾಚೋರು, ಪೂರಾ ಆದ ಮೇಲೆ ಸುತ್ತ ನೋಡಿ ನಗೋರು. ನನ್ನ ಕಡೆ ತಿರುಗಿ, "ಸಂಘದೋರು ಕಲಿಸಿದ್ರವ್ವ. ಈಗ ಯಾವ ಬೋರ್ಡ್ ಕಂಡ್ರೂ ಬಿಡಲ್ಲ ನಾನು" ಅಂದರು. ನನಗೆ ಬಹಳ ಖುಷಿಯಾಯಿತು. ಅವರ ಹಿಂದಿನ ಕಲ್ಲು ಬೆಂಚಿನ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿ ಬಿಚ್ಚಿ ಮಾಡ್ತಿದ್ದಳು. ಆ ಬೆರಳು ನೋಡಿಯೇ ಗುರುತು ಹಿಡಿದೆ.

"ಮೇಡಂ" ಅಂತ ಎದ್ದಳು.

"ಯಾರೇ ಇವ್ರು?" ಅಂದರು ಆ ಹೆಂಗಸು. ಅವಳ ಅತ್ತೆ.

ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. "ನಮ್ ಕಾಲೇಜಿನೋರು ಅತ್ತೆ. ಪ್ರಿನ್ಸಿಪಾಲರ ಆಪ್ತರು" ಅಂದಳು.

ಎಷ್ಟು ಜನರ ಹತ್ತಿರ ಅಲ್ಲ ಅಲ್ಲ ಅಂತ ಬಡ್ಕೊಂಡಿದ್ದೆ ಆ ಮಾತನ್ನ. ಅವತ್ತು ಎರಡೂ ಕೈಯಲ್ಲಿ ಹಿಡ್ಕೊಂಡೆ. "ಹೌದ್ರಿ ಅಮ್ಮ, ಸಾಹೇಬ್ರು ನನ್ ಮಾತು ತೆಗೆದು ಹಾಕಲ್ಲ" ಅಂದೆ. ನಿಮ್ಮ ಸೊಸೆ ಬಹಳ ಜಾಣೆ, ಕೊನೇ ವರ್ಷ ಅಷ್ಟೇ ಬಾಕಿ, ಬಿಟ್ಟವರು ಮತ್ತೆ ಸೇರ್ಕೊಳ್ಳಬಹುದು, ಆದರೆ ಈ ವರ್ಷ ದಾಟಿದರೆ ಆಗಲ್ಲ, ನಾನು ನಿಂತು ಸೇರಿಸ್ತೀನಿ ಅಂತ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಒಂದಿಷ್ಟೂ ರಗಳೆ ಮಾಡಲಿಲ್ಲ.

"ಓದ್ಲಿ ಬಿಡವ್ವ. ನಾನೇ ಈ ವಯಸ್ಸಲ್ಲಿ ಕಲ್ತಿಲ್ವಾ? ಸೋಮವಾರ ನಾನೇ ಕರ್ಕಂಡ್ ಬರ್ತೀನಿ" ಅಂದರು. ಹಿರಿಯೂರಿನ ಬಸ್ಸು ಬಂದಾಗ ಹುಡುಗಿ ಬೇಕಂತಲೇ ಹಿಂದೆ ಉಳಿದು, "ಮೇಡಂ, ಇನ್ನೂ ಎದೆ ಹೊಡ್ಕಂತದೆ. ಆದ್ರೆ ಓಡಿಹೋಗಲ್ಲ, ನೀವ್ ಹೇಳ್ದಂಗೆ ಉಸಿರು ಬಿಡ್ತೀನಿ" ಅಂದಳು. ಆಫೀಸಿಗೆ ಬಂದು ಕೂತಿರು, ನಾನೇ ಅಲ್ಲಿಗೆ ಬರ್ತೀನಿ ಅಂತ ಮೆಲ್ಲಗೆ ಹೇಳಿದೆ. ಅವಳಿಗೆ ಅರ್ಥ ಆಯಿತು.

ಮಾರನೇ ದಿನವೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಆ ಬೋರ್ಡು ಇಳಿಸ್ರಿ ಸರ್ ಅಂದೆ. ಸಮಿತಿಗೆ ಕಳಿಸಿದ ಫೋಟೋದಲ್ಲಿ ಅದು ಐತೆ ಮೇಡಂ, ಈಗ ತೆಗೆಯೋಕೆ ಬರಲ್ಲ ಅಂದರು. ಆಫೀಸಿನ ಅಟೆಂಡರಿಗೆ, ಸೋಮವಾರ ಹಿರಿಯೂರಿಂದ ಅತ್ತೆ ಸೊಸೆ ಬರ್ತಾರೆ, ಅಲ್ಲೇ ಕೂರಿಸಿ ನನ್ನನ್ನ ಕರೆದುಬಿಡಪ್ಪ ಅಂತ ಹೇಳಿಟ್ಟೆ. ಮತ್ತೆ ಸೇರೋಕೆ ಏನೇನು ಬೇಕೋ ಎಲ್ಲಾ ವಿಚಾರಿಸಿಕೊಂಡೆ. ಬಾಗಿಲ ಪಕ್ಕದ ಬೆಂಚನ್ನೂ ಹೋಗಿ ನೋಡಿ ಬಂದೆ.

ಸೋಮವಾರ ಅವರು ಗೇಟಿನೊಳಗೆ ಬಂದರು. ಹುಡುಗಿ ಆಫೀಸಿನ ಕಡೆಗೇ ತಿರುಗಿದಳಂತೆ. ಅತ್ತೆಗೆ ಸಡಗರ, ಎದುರಿಗೆ ಬಂದ ಒಬ್ಬ ಹುಡುಗನ್ನ ನಿಲ್ಲಿಸಿ, ಸಾಹೇಬರ ಆಪ್ತರು ಒಬ್ರು ಮೇಡಂ ಇದಾರಲ್ಲಪ್ಪ, ಎಲ್ಲಿ ಕೂರ್ತಾರೆ ಅಂತ ಕೇಳಿದರಂತೆ. ಅವನು ಸಾಹೇಬರ ಚೇಂಬರ್ ಪಕ್ಕದ ರೂಮು ತೋರಿಸಿದ. ಇದೆಲ್ಲ ಆಮೇಲೆ ಅಟೆಂಡರ್ ಹೇಳಿದ್ದು. ನಾನು ಒಳಗೆ ಕೂತು ಅವನು ಕರೆಯೋದನ್ನೇ ಕಾಯ್ತಿದ್ದೆ.

ಹೊರಗೆ ಯಾರೋ ಗಟ್ಟಿಯಾಗಿ ಓದೋದು ಕೇಳಿಸಿತು.

"ಮಾ... ನ... ಸಿ... ಕ..."

ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಆ... ರೋ... ಗ್ಯ..."

ಕೊನೇ ಪದ ಕೇಳಿಸಲಿಲ್ಲ. ಬಾಗಿಲು ತೆಗೆಯೋ ಹೊತ್ತಿಗೆ ಅತ್ತೆ ಸೊಸೆಯ ರಟ್ಟೆ ಹಿಡಿದು ಮೆಟ್ಟಿಲು ಇಳೀತಿದ್ದರು. "ಅಮ್ಮಾ, ನಿಂತ್ಕಳ್ರಿ, ಹೇಳ್ತೀನಿ ಕೇಳ್ರಿ" ಅಂತ ಹಿಂದೆ ಓಡಿದೆ. ಅವರು ನಿಂತರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬೋರ್ಡನ್ನ ಒಂದು ಸಲ ನೋಡಿದರು, ನನ್ನನ್ನ ಒಂದು ಸಲ ನೋಡಿದರು.

"ಆಪ್ತರು ಅಂದಿದ್ರಲ್ಲವ್ವ ನೀವು" ಅಂದರು.

ಹುಡುಗಿ ತಲೆ ಎತ್ತಿ, "ಬರ್ತೀನಿ ಮೇಡಂ" ಅಂದಳು. ನಮ್ಮ ಕಡೆ ಹೋಗೋರೆಲ್ಲ ಹಂಗೇ ಹೇಳೋದು.